ಮುದಿಕುದುರೆಯ ಋಣ

ನಮ್ಮ ಕಡೆಯವರಿಗೆ ಕುದುರೆಯ ಸಹವಾಸ ಕಡಮೆ. ಹಟ್ಟಿಯಲ್ಲಿ ಗಂಟಿ, ಗದ್ದೆಯಲ್ಲಿ ಕೋಣ, ಅಂಗಳದಲ್ಲಿ ನಾಯಿ. ಇಷ್ಟಕ್ಕೆ ನಮ್ಮ ಪ್ರಾಣಿಪರಿಚಯ ಮುಗಿಯಿತೆನ್ನಬಹುದು. ಕುದುರೆಯನ್ನು ನಾವು ಬಲ್ಲುದು ಹೆಚ್ಚಾಗಿ ಯಕ್ಷಗಾನದ ಆಟದಲ್ಲಿ. ಸುಧನ್ವನ ಕಾಳಗ, ಬಭ್ರುವಾಹನನ ಕಾಳಗ ಮುಂತಾದ ಪ್ರಸಂಗಗಳಲ್ಲಿ ಧರ್ಮರಾಯನ ಯಜ್ಞಾಶ್ವ ದೇಶದೇಶ ಸುತ್ತುತ್ತದೆ. ಅದನ್ನು ಕಟ್ಟಿದವರೂ ಬಿಡಿಸಬಂದವರೂ ಬೆಳಗಿನ ತನಕ ಕಾದಾಡುತ್ತಾರೆ. ಮಂಗಳ ಹಾಡಿದ ಮೇಲೆ ನಾವು ಮನೆಗೆ ಬರುತ್ತೇವೆ. ಯಾಗದ ಕೊನೆಗೆ ಆ ಕುದುರೆಯ ಗತಿ ಏನಾಯಿತೆಂದು ಕೇಳಿದವರನ್ನು ನಾನು ಕಂಡಿಲ್ಲ. ಈ ಲೇಖನ ಆ ಪ್ರಶ್ನೆಗೆ ಸಂಬಂಧಿಸಿದುದು. ದುಡಿದು ಮುಗಿದ ಕುದುರೆಯ ಕೊನೆ ಹೇಗಿರಬೇಕು? ಅದನ್ನು ಏಲಮ್ಮಿನಿಂದ ಬಿಡಿಸಿ ತಂದವನು ಯಾವ ಹೊಣೆಯನ್ನು ಹೊರಬೇಕಾಗುತ್ತದೆ?

ಹಿಂದೆ ನಮ್ಮ ಕರಾವಳಿಯೇ ಕುದುರೆಗಳ ಹೆಬ್ಬಾಗಿಲಾಗಿತ್ತು. ಬೈಂದೂರಿನಿಂದ ಬಡಗಲಾಗಿ ಶಿರೂರನ್ನು ದಾಟಿದರೆ ಸಿಗುವ ಭಟ್ಕಳದ ರೇವಿನಲ್ಲಿ ಹೊರ್ಮುಜಿನ ಹಡಗುಗಳು ಕುದುರೆಗಳನ್ನು ಇಳಿಸುತ್ತಿದ್ದುವು. ಅಲ್ಲಿಂದ ಅವು ಘಟ್ಟ ಹತ್ತಿ ವಿಜಯನಗರಕ್ಕೆ ನಡೆಯುತ್ತಿದ್ದುವು. ಈಗಿನ ಬ್ರಹ್ಮಾವರ ತಾಲೂಕಿನ ಬಾರಕೂರು, ಕುಂದಾಪುರದ ಬಸರೂರು - ಈ ಎರಡು ರೇವುಗಳಿಂದ ಆ ದೇಶಗಳ ಹಡಗುಗಳು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದುವೆಂದು ೧೬ನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸ್ ಲೇಖಕ ಬಾರ್ಬೋಸ ಬರೆದಿದ್ದಾನೆ. ಅಂದರೆ ನಮ್ಮ ಗದ್ದೆಯ ಅಕ್ಕಿ ಅತ್ತ, ಅವರ ಕುದುರೆ ಇತ್ತ. ತಾನೇ ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ ಎಂಬವನು ಸಾಳುವ ನರಸಿಂಹನ ವಿಷಯವಾಗಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳುತ್ತಾನೆ. ಆ ಅರಸನು ಸಾವಿರ ಪರ್ದಾವಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ್ದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ವರ್ತಕರಿಗೆ ಧೈರ್ಯ ಬರಲಿ ಎಂಬುದು ಅರಸನ ಎಣಿಕೆ. ಬಾಲಕ್ಕೂ ಅಷ್ಟೇ ಬೆಲೆ ಸಿಗುವುದಾದರೆ ಹಡಗಿನ ಅಡಿಯಲ್ಲಿ ನರಳುವ ಕುದುರೆಗೆ ಒಂದು ಕೊಡ ಸಿಹಿನೀರು ಹೆಚ್ಚು ಕೊಡಬೇಕೆಂಬ ಆತುರ ಯಾರಿಗೆ ತಾನೆ ಇದ್ದೀತು?

ಹಾಗೆ ಬಂದ ಕುದುರೆಗಳು ಕರಾವಳಿಯಲ್ಲಿ ನಿಲ್ಲಲಿಲ್ಲ, ನಿಂತಿದ್ದರೂ ಬಾಳುತ್ತಿರಲಿಲ್ಲ. ಕುದುರೆ ಬೆವರಿ ಮೈ ತಣಿಸಿಕೊಳ್ಳುವ ಪ್ರಾಣಿ. ಬೆವರು ಆರಿದರೆ ತಾನೆ ಮೈ ತಣ್ಣಗಾಗುವುದು? ನಮ್ಮ ತೇವದ ಗಾಳಿಯಲ್ಲಿ ಅದು ಆರುವುದಿಲ್ಲ. ಕೆಲವು ಕುದುರೆಗಳಿಗೆ ಇಂತಹ ಸೆಕೆಯಲ್ಲಿ ಬೆವರುವ ಶಕ್ತಿಯೇ ಇಂಗಿ ಹೋಗುತ್ತದೆ. ಆಮೇಲೆ ನಾಲ್ಕು ಹೆಜ್ಜೆ ಓಡಿದರೂ ಏದುಸಿರು. ಮಳೆಗಾಲದಲ್ಲಿ ಕೆಸರಿನಲ್ಲಿಯೇ ನಿಂತ ಗೊರಸು ಕೊಳೆಯುತ್ತದೆ. ನೊಣದ ಕಡಿತದಿಂದ ಬರುವ ಸರ್ರಾ ರೋಗ ಬೇರೆ. ಇನ್ನು ಮೇವು. ನಮ್ಮ ಗಂಟಿಗಳು ಬೈಹುಲ್ಲನ್ನೂ ತೌಡನ್ನೂ ತಿಂದು ಗಟ್ಟಿಯಾಗಿರುತ್ತವೆ; ಕುದುರೆಗೆ ಅವೆರಡೇ ಆದರೆ ಅನರ್ಥ. ಬೈಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ದ್ರವ್ಯ ಸುಣ್ಣದ ಸತ್ವವನ್ನು ಹಿಡಿದಿಡುತ್ತದೆ. ತೌಡಿನಲ್ಲಿ ರಂಜಕ ವಿಪರೀತ. ಸುಣ್ಣ ಸಾಲದೆ ಶರೀರವು ತನ್ನ ಎಲುಬನ್ನೇ ಕರಗಿಸಿಕೊಳ್ಳುತ್ತದೆ. ಮುಖದ ಮೂಳೆ ಊದಿಕೊಳ್ಳುತ್ತದೆ, ಕಾಲು ಕುಂಟುತ್ತದೆ. ೧೩ನೆಯ ಶತಮಾನದಲ್ಲಿ ಪೂರ್ವ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಯ ಅರಸರು ವರ್ಷವರ್ಷವೂ ಕುದುರೆಗಳನ್ನು ಕೊಳ್ಳುತ್ತಲೇ ಇರಬೇಕಾಗುತ್ತದೆ, ಸಾಕುವ ಕ್ರಮ ತಿಳಿಯದೆ ಅವು ಸಾಯುತ್ತಲೇ ಇರುತ್ತವೆ ಎಂದದ್ದು ನಮಗೂ ಸಲ್ಲುವ ಮಾತು.

ಇಂದು ನಮ್ಮಲ್ಲಿ ಕುದುರೆ ಕಾಣಿಸುವುದು ಮದುವೆಯ ದಿಬ್ಬಣದಲ್ಲಿ, ಮೆರವಣಿಗೆಯಲ್ಲಿ, ಅಪರೂಪಕ್ಕೆ ಕಡಲ ಕರೆಯ ಸವಾರಿಯಲ್ಲಿ. ಇವು ಯಾರ ಯಾರದೋ ಕೈ ದಾಟಿ ಬಂದವು. ಕುದುರೆಯ ಬಾಳು ಮೆಟ್ಟಿಲು ಇಳಿದಂತೆ: ಪಂದ್ಯಕ್ಕೆ, ಸವಾರಿಗೆ, ದಳಕ್ಕೆ ಒದಗಿದ್ದು ವಯಸ್ಸಾದಂತೆ ಕೈ ಬದಲಿಸುತ್ತದೆ, ಪ್ರತಿ ಕೈಯಲ್ಲಿಯೂ ಬೆಲೆ ಇಳಿಯುತ್ತದೆ, ಮೇವು ಇಳಿಯುತ್ತದೆ, ಹೊರೆ ಏರುತ್ತದೆ. ೨೫ ವರ್ಷ ಬಾಳಬಲ್ಲ ಪ್ರಾಣಿ ದುಡಿಯಬಲ್ಲುದು ಅದಕ್ಕಿಂತ ಕಡಮೆ. ಉಳಿದ ವರ್ಷಗಳ ಹುಲ್ಲಿನ ಖರ್ಚು ಯಾರದೆಂಬುದೇ ಏಲಮ್ಮಿನ ಕಟ್ಟೆಯಲ್ಲಿ ತೀರ್ಮಾನವಾಗುವ ಸಂಗತಿ.

ಹೀಗೆ ಕೈ ದಾಟಿ ಹಾಳಾದ ಕುದುರೆಗಳನ್ನು ಹಣ ಕೊಟ್ಟು ಬಿಡಿಸುವ ಕೆಲಸವನ್ನು ದೊಡ್ಡದಾಗಿ ಮಾಡಿದವರಲ್ಲಿ ಡೊರೊಥಿ ಬ್ರೂಕ್ ಎಂಬ ಆಂಗ್ಲ ಮಹಿಳೆ ಪ್ರಸಿದ್ಧರು. ಅವರ ಕಥೆ ಈಜಿಪ್ತಿನದಾದರೂ ಅದರ ಆರಂಭದಲ್ಲಿ ನಮ್ಮವರೂ ಇದ್ದಾರೆ. ಪ್ರಥಮ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳ ಈಜಿಪ್ತ್, ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾ ಪಟ್ಟಣವನ್ನು ಹಿಡಿದ ದಿನ ಸತ್ತ ಯೋಧರು ೮, ಗಾಯಗೊಂಡವರು ೩೪. ಸತ್ತ ಕುದುರೆಗಳು ೬೦, ಗಾಯಗೊಂಡವು ೮೩. ಮಡಿದ ಯೋಧರಿಗೆ ದಿಲ್ಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಸ್ಮಾರಕಗಳಿವೆ. ಯುದ್ಧ ಮುಗಿದಾಗ ಬದುಕುಳಿದ ಸಾವಿರಾರು ಕುದುರೆಗಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಊರಿಗೆ ಒಯ್ಯಲು ಹಡಗಿನ ಖರ್ಚು ಬಹಳ. ಆಸ್ಟ್ರೇಲಿಯದಿಂದ ಹೊರದೇಶಗಳ ಯುದ್ಧಕ್ಕೆ ಹೋದ ಒಂದು ಲಕ್ಷಕ್ಕೂ ಮಿಕ್ಕಿದ ಕುದುರೆಗಳಲ್ಲಿ ಮರಳಿ ಊರು ಸೇರಿದ್ದು ಒಂದೇ ಒಂದು. ಗಟ್ಟಿಯಾದ ಕೆಲವನ್ನು ಭಾರತದ ಸೇನೆಗೆ ಕೊಟ್ಟರು. ಮುದಿಯಾದ, ರೋಗ ಹಿಡಿದ ಹಲವನ್ನು ಗುಂಡಿಟ್ಟು ಕೊಂದರು. ಮತ್ತೆ ಎಷ್ಟನ್ನೋ ಈಜಿಪ್ತಿನಲ್ಲಿಯೇ ಮಾರಿದರು.

೧೯೩೦ರಲ್ಲಿ ಸೇನಾಧಿಕಾರಿಯಾದ ಗಂಡನೊಡನೆ ಕೈರೋ ನಗರಕ್ಕೆ ಬಂದ ಡೊರೊಥಿ ಬ್ರೂಕ್ ಅವರಿಗೆ ಈ ಮಾರಿದ ಕುದುರೆಗಳು ಕಾಣಸಿಕ್ಕಿದುವು. ಕಲ್ಲಿನ ಗಣಿಗಳಲ್ಲಿ, ಗಾಡಿಗಳಲ್ಲಿ, ಎಲುಬಿನ ಗೂಡಾಗಿ, ಕುರುಡಾಗಿ ಎಳೆಯುತ್ತಿದ್ದುವು. ಚರ್ಮದ ಮೇಲೆ ಬ್ರಿಟಿಷ್ ಸೇನೆಯ ಬಾಣದ ಮುದ್ರೆ ಇನ್ನೂ ಇತ್ತು. ೧೯೩೧ರಲ್ಲಿ ಅವರು ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಒಂದು ಕಾಗದ ಬರೆದರು. ಹಣ ಬಂದಿತು. ಮೂರು ವರ್ಷಗಳಲ್ಲಿ ಸುಮಾರು ೫,೦೦೦ ಕುದುರೆಗಳನ್ನು ಅವರು ಕೊಂಡರು.

ಕೊಂಡ ಕುದುರೆಗಳಲ್ಲಿ ಬಹುಪಾಲನ್ನು ಅವರು ಬದುಕಿಸಲಿಲ್ಲ. ಬದುಕಿಸುವ ಸ್ಥಿತಿಯಲ್ಲಿ ಅವು ಇರಲೂ ಇಲ್ಲ. ಒಳ್ಳೆಯ ಮೇವು ಹಾಕಿ, ನೀರು ಕೊಟ್ಟು, ಮೆತ್ತನೆಯ ಹುಲ್ಲಿನ ಹಾಸಿಗೆ ಹಾಸಿ, ಕೆಲವು ದಿನಗಳ ವಿಶ್ರಾಂತಿಯ ಮೇಲೆ ನೋವಿಲ್ಲದೆ ಪ್ರಾಣ ತೆಗೆಸಿದರು. ಓದಿದವರು ಮೊದಲಿಗೆ ಬೆಚ್ಚುತ್ತಾರೆ: ಕೊಲ್ಲುವುದಕ್ಕಾಗಿ ಕೊಂಡರೇ? ನನಗೆ ತೋರುವಂತೆ ಅವರು ಹಣ ಕೊಟ್ಟು ಕೊಂಡುಕೊಂಡದ್ದು ಒಂದು ಅಧಿಕಾರವನ್ನು - ಆ ಪ್ರಾಣಿಯ ಕೊನೆ ಗಾಡಿಯ ನೊಗದ ಅಡಿಯಲ್ಲಿ ಆಗದಂತೆ ನೋಡಿಕೊಳ್ಳುವ ಅಧಿಕಾರವನ್ನು. ಹಾಗೆಯೇ ಇನ್ನೊಂದು ಸತ್ಯವೂ ಅವರ ಗಮನಕ್ಕೆ ಬಂದಿರಬೇಕು. ಕುದುರೆಯನ್ನು ಕಳೆದುಕೊಂಡ ಬಡ ಗಾಡಿಯವನಿಗೆ ನಾಳೆ ಇನ್ನೊಂದು ಬೇಕು. ಕೊಳ್ಳುವವರು ಇದ್ದಾರೆಂದು ಗೊತ್ತಾದರೆ ಬೆಲೆಯೂ ಏರುತ್ತದೆ. ೧೯೩೪ರಲ್ಲಿ ಅವರು ಕೈರೋದಲ್ಲಿ ದುಡಿಯುವ ಕುದುರೆ, ಕತ್ತೆಗಳಿಗೆ ಧರ್ಮಾರ್ಥ ಚಿಕಿತ್ಸೆಯ ಆಸ್ಪತ್ರೆಯನ್ನು ತೆರೆದರು. ಅವರ ಹೆಸರಿನ ಸಂಸ್ಥೆ ಇಂದು ಭಾರತದಲ್ಲಿಯೂ ಕೆಲಸ ಮಾಡುತ್ತಿದೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ತ್ರಾಸಿಯ ಸಮೀಪ ಮೆರವಣಿಗೆಗೆ ತಂದಿದ್ದ ಒಂದು ಹೆಣ್ಣು ಕುದುರೆಯನ್ನು, ತಂದವರು ತಮ್ಮ ಬಾಕಿಗೆ ಬದಲಾಗಿ ಬಿಟ್ಟು ಹೋದರು. ಬಾಕಿ ಬರಬೇಕಾದವರು ಅದನ್ನು ರಸ್ತೆಯ ಬದಿಯಲ್ಲಿ ಕಟ್ಟಿ ಏಲಂ ಕೂಗಿದರು. ನಾವು ನಾಲ್ವರು ಗೆಳೆಯರು ಸೇರಿ ಮೂರು ಸಾವಿರ ರೂಪಾಯಿಗೆ ಕೊಂಡೆವು. ಪರಿಚಯದ ಒಬ್ಬ ಹಿರಿಯರು ತಮ್ಮ ತೆಂಗಿನ ತೋಟದ ಕೊಟ್ಟಿಗೆಯಲ್ಲಿ ಜಾಗ ಕೊಟ್ಟರು.

ಮೊದಲ ದಿನವೇ ಬಂದ ಪಶುವೈದ್ಯರು ಮುಟ್ಟಿದ್ದು ಅದರ ಬಾಯಿಯನ್ನಲ್ಲ, ಪಕ್ಕೆಯನ್ನು. ಕುತ್ತಿಗೆ, ಹೆಗಲು, ಪಕ್ಕೆಲುಬು, ಸೊಂಟ, ಬಾಲದ ಬುಡ - ಇಲ್ಲೆಲ್ಲ ಕೊಬ್ಬು ಎಷ್ಟಿದೆಯೆಂದು ಕೈಯಿಂದ ಒತ್ತಿ ನೋಡಿ ೧ರಿಂದ ೯ರವರೆಗೆ ಅಂಕ ಹಾಕುವ ಕ್ರಮವೊಂದಿದೆ. ೧೯೮೩ರಲ್ಲಿ ಅಮೆರಿಕದ ಹೆನೆಕೆ ಎಂಬವರು ಪ್ರಕಟಿಸಿದ್ದು. ನಮ್ಮ ಕುದುರೆಗೆ ಸಿಕ್ಕಿದ್ದು ೧. ಹಲ್ಲು ನೋಡಿ ವಯಸ್ಸು ಇಪ್ಪತ್ತರ ಮೇಲೆ ಎಂದರು.

ಅಷ್ಟರಲ್ಲಿ ನೆರೆಮನೆಯ ಅಮ್ಮ ಒಂದು ಪಾತ್ರೆ ತುಂಬ ಬೇಯಿಸಿದ ಹುರುಳಿ ತಂದರು. ವೈದ್ಯರು ಎರಡು ಕೈಯನ್ನೂ ಅಡ್ಡ ಹಿಡಿದರು. ಬಹಳ ದಿನ ಉಪವಾಸವಿದ್ದ ಕುದುರೆಗೆ ಕಾಳು ಹಾಕುವುದು ವಿಷವಿಟ್ಟಂತೆ. ಪಿಷ್ಟ ಹೊಟ್ಟೆಗೆ ಬಿದ್ದೊಡನೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ; ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕಣಗಳೊಳಗೆ ಸೇರಿಬಿಡುತ್ತವೆ; ಆಗ ಹೃದಯವೂ ಉಸಿರೂ ನಿಲ್ಲಬಹುದು. ತಂದ ದಿನ ಚೆನ್ನಾಗಿದ್ದಂತೆ ಕಂಡ ಕುದುರೆ ನಾಲ್ಕೈದು ದಿನದ ಮೇಲೆ ಸಾಯುವುದು ಹೀಗೆ. ಕೊಡಬೇಕಾದುದು ಒಳ್ಳೆಯ ಒಣಮೇವು, ಕುದುರೆಮೆಂತೆ ಸಿಕ್ಕಿದರೆ ಅದು; ಅದೂ ಒಂದೊಂದು ಹಿಡಿಯಷ್ಟು, ನಾಲ್ಕು ಗಂಟೆಗೊಮ್ಮೆ, ಹಗಲೂ ರಾತ್ರಿ. ಕುದುರೆಯ ಜಠರ ಶರೀರಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಮೇಲಾಗಿ ಅದಕ್ಕೆ ವಾಂತಿ ಮಾಡಲು ಬಾರದು. ತಿಂದದ್ದು ಹೊಂದದಿದ್ದರೆ ಹೊರಗೆ ಬರುವ ದಾರಿಯೇ ಇಲ್ಲ. ಕರುಣೆಗೂ ಲೆಕ್ಕ ಬೇಕೆಂಬುದನ್ನು ನಾನು ಆ ಕೊಟ್ಟಿಗೆಯಲ್ಲಿ ಕಲಿತೆ. ಸರದಿಯ ಮೇಲೆ ರಾತ್ರಿ ಎದ್ದು ಮೇವು ಹಾಕಿದೆವು. ಐದನೆಯ ದಿನಕ್ಕೆ ಅದು ನಮ್ಮ ಹೆಜ್ಜೆಯ ಸಪ್ಪಳಕ್ಕೆ ಕಿವಿ ನಿಮಿರಿಸತೊಡಗಿತು.

ಆದರೆ ರೋಗವಿದ್ದುದು ಕಾಲಿನಲ್ಲಿ. ಗೊರಸಿನ ಒಳಗಿನ ಮೂಳೆಯನ್ನು ಗೊರಸಿನ ಗೋಡೆಗೆ ಅಂಟಿಸಿ ಹಿಡಿದಿರುವ ಪದರಗಳು ಉರಿಯೂತದಿಂದ ಬಿಟ್ಟುಕೊಂಡರೆ, ಕುದುರೆಯ ಭಾರವೆಲ್ಲ ಆ ಮೂಳೆಯ ಮೇಲೆ ಬಿದ್ದು ಅದು ಕೆಳಗೆ ಜಾರುತ್ತದೆ. ವೈದ್ಯರು ಇದನ್ನು ಲ್ಯಾಮಿನೈಟಿಸ್ ಎನ್ನುತ್ತಾರೆ. ನಮ್ಮದರ ಎರಡು ಮುಂಗಾಲುಗಳಲ್ಲಿಯೂ ಮೂಳೆಯ ತುದಿ ಅಂಗಾಲನ್ನು ತೂತು ಮಾಡಿತ್ತು. ಒಂದು ಕಾಲು ನೊಂದರೆ ದನ ಮೂರು ಕಾಲಿನಲ್ಲಿ ನಿಂತೀತು, ಮಲಗಿ ಮೆಲುಕು ಹಾಕೀತು. ಕುದುರೆಗೆ ಅದಾಗದು, ಒಂದು ಕಾಲನ್ನು ಎತ್ತಿದರೆ ಉಳಿದ ಕಾಲುಗಳ ಗೊರಸೂ ಕೆಡುತ್ತದೆ, ಮಲಗಿದರೆ ತನ್ನ ಭಾರಕ್ಕೆ ತನ್ನದೇ ಮಾಂಸಖಂಡ, ನರಗಳು ಜಜ್ಜಿಹೋಗುತ್ತವೆ. ಕಾಲು ಮುರಿದ ಕುದುರೆಯನ್ನು ಕೊಲ್ಲುವರೆಂದು ನಾವು ಕೇಳಿರುವುದಕ್ಕೆ ಕಾರಣ ಇದೇ.

ಒಂಬತ್ತನೆಯ ದಿನ ಅದು ಮಲಗಿತು, ಮರುದಿನ ಎಬ್ಬಿಸಲಾಗಲಿಲ್ಲ. ಹೊರಗೆ ಆಷಾಢದ ಮಳೆ. ವೈದ್ಯರು ನೋವು ನಿವಾರಕ ಕೊಟ್ಟು, ಇನ್ನು ಇಟ್ಟುಕೊಳ್ಳುವುದು ಅದಕ್ಕಾಗಿ ಅಲ್ಲ ಎಂದರು. ತೋಟದ ಹಿರಿಯರಿಗೆ ಆ ಮಾತು ಹಿಡಿಸಲಿಲ್ಲ.

"ಅದ್ರ ಆಯಸ್ಸ್ ಇದ್ದಷ್ಟ್ ದಿನ ಇರ್ಲಿ ಮಾರಾಯ್ರೆ. ಕೊಲ್ಲುಕೆ ನಾವ್ ಯಾರ್?" ಎಂದರು.

ಇದು ಹಗುರವಾಗಿ ತಳ್ಳಿಬಿಡುವ ಮಾತಲ್ಲ. ಇದೇ ಪ್ರಶ್ನೆ ೧೯೨೮ರಲ್ಲಿ ಸಾಬರಮತಿ ಆಶ್ರಮದಲ್ಲಿಯೂ ಎದ್ದಿತ್ತು. ಆಶ್ರಮದ ಕರುವೊಂದು ಗುಣವಾಗದ ನೋವಿನಿಂದ ನರಳುತ್ತಿತ್ತು. ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ವೈದ್ಯರು ಕೈಬಿಟ್ಟಿದ್ದರು. ಗಾಂಧೀಜಿ ಆಶ್ರಮವಾಸಿಗಳೊಡನೆ ಚರ್ಚಿಸಿದರು. ಸೃಷ್ಟಿಸಲಾರದವನಿಗೆ ಕೊಲ್ಲುವ ಅಧಿಕಾರವಿಲ್ಲವೆಂದು ಒಬ್ಬರು ವಾದಿಸಿದರು. ಕೊನೆಗೆ ಗಾಂಧೀಜಿಯ ಎದುರಿನಲ್ಲಿಯೇ ಚುಚ್ಚುಮದ್ದು ಕೊಟ್ಟು ಕರುವಿನ ಪ್ರಾಣ ತೆಗೆಯಲಾಯಿತು. ಅದನ್ನು ಅವರು ಮುಚ್ಚಿಡಲಿಲ್ಲ. ತಮ್ಮ ಪತ್ರಿಕೆಗಳಲ್ಲಿ ಬರೆದರು. ಕೋಪದ ಕಾಗದಗಳು ರಾಶಿ ಬಿದ್ದುವು. ರೋಗಿಯ ಒಳಿತಿಗಾಗಿ ಶಸ್ತ್ರ ಹಿಡಿಯುವ ವೈದ್ಯ ಹಿಂಸಕನಾಗದಿದ್ದರೆ, ಬೇರೆ ದಾರಿಯೇ ಇಲ್ಲದಾಗ ನೋವಿನಿಂದ ಬಿಡಿಸುವವನೂ ಹಿಂಸಕನಲ್ಲ ಎಂಬುದು ಅವರ ನಿಲುವು.

ಆ ಲೇಖನದ ಎರಡನೆಯ ಭಾಗವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಅಲ್ಲಿ ಅವರು ಬೆಳೆ ಹಾಳು ಮಾಡುವ ಮಂಗಗಳ ಮಾತೆತ್ತುತ್ತಾರೆ (ನಮ್ಮ ತೋಟಗಳವರಿಗೆ ಈ ಕಷ್ಟವನ್ನು ಯಾರೂ ವಿವರಿಸಬೇಕಾಗಿಲ್ಲ). ಮಂಗವನ್ನು ಕೊಂದರೆ ಅದು ಹಿಂಸೆಯೇ, ಯಾಕೆಂದರೆ ಅಲ್ಲಿ ಕಾಯುವುದು ನಮ್ಮ ಸ್ವಾರ್ಥವನ್ನು ಎನ್ನುತ್ತಾರೆ. ಮುದಿಕುದುರೆಯ ವಿಷಯದಲ್ಲಿ ನನಗೆ ಬಹಳ ಪ್ರಯೋಜನಕ್ಕೆ ಬಂದುದು ಈ ಭೇದ. ಮೇವಿನ ಖರ್ಚು ತಪ್ಪಲೆಂದು ಚುಚ್ಚುಮದ್ದು ಕೊಡಿಸಿದರೆ ಅದು ನಮಗಾಗಿ. ನಮ್ಮ ಕೈಗೆ ಪಾಪ ಅಂಟದಿರಲೆಂದು ಮಳೆಯಲ್ಲಿ ನಾಲ್ಕು ದಿನ ನರಳಲು ಬಿಟ್ಟರೆ ಅದೂ ನಮಗಾಗಿಯೇ. ಬಾರಕೂರಿನ ಬಸದಿಗಳನ್ನು ಕಂಡವರಿಗೆ ಸಲ್ಲೇಖನದ ನೆನಪಾಗಬಹುದು. ಆದರೆ ಆ ವ್ರತವನ್ನು ಹಿಡಿಯುವವನು ತಾನೇ ತನ್ನ ಬುದ್ಧಿಯಿಂದ ಹಿಡಿಯುತ್ತಾನೆ. ಕುದುರೆಗೆ ಆ ಸ್ವಾತಂತ್ರ್ಯವಿಲ್ಲ. ಅದರ ಪರವಾಗಿ ಯೋಚಿಸಬೇಕಾದವನು ಸಾಕಿದವನು.

ಯೋಚಿಸುವಾಗ ಕೇಳಿಕೊಳ್ಳಬೇಕಾದುದು ಇಷ್ಟು: ತಾನಾಗಿ ಏಳಬಲ್ಲುದೆ? ತಿನ್ನುತ್ತದೆಯೆ? ನೋವಿಗೆ ಮದ್ದು ನಾಟುತ್ತದೆಯೆ? ವಾರ ಕಳೆದರೆ ಇಂದಿಗಿಂತ ಲೇಸಾಗುವ ಸಂಭವವಿದೆಯೆ? ಎರಡು ಮೂರು ದಿನ ಮಲಗಿಯೇ ಇದ್ದ ಸೊರಗಿದ ಕುದುರೆ ಎದ್ದು ಬದುಕುವುದು ಬಹಳ ಅಪರೂಪ. ಬರಿಯ ಮುಪ್ಪು, ಬರಿಯ ಬಡಕಲು ಮೈ, ಒಂದು ಕಣ್ಣಿನ ಕುರುಡು ಇವು ಕೊಲ್ಲುವುದಕ್ಕೆ ಕಾರಣಗಳಲ್ಲ. ಹಲ್ಲು ಸವೆದ ಕುದುರೆ ನೆನೆಸಿದ ಮೆತ್ತನೆಯ ಮೇವಿನಲ್ಲಿ ವರ್ಷಗಟ್ಟಲೆ ಸುಖವಾಗಿ ಇರಬಲ್ಲುದು.

ಕಾನೂನೂ ಈ ದಾರಿಯನ್ನು ಒಪ್ಪಿದೆ. ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ಪ್ರಯತ್ನದ ಫಲವಾಗಿ ಬಂದ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ೧೩ನೆಯ ಕಲಮಿನ ಪ್ರಕಾರ, ಬದುಕಿಸಿಡುವುದೇ ಕ್ರೌರ್ಯವಾಗುವಂತಹ ಪ್ರಾಣಿ ಕಂಡುಬಂದು ಅದರ ಒಡೆಯನು ಇಲ್ಲದಿದ್ದರೆ ಅಥವಾ ಒಪ್ಪದಿದ್ದರೆ, ಪೊಲೀಸ್ ಅಧಿಕಾರಿ ಪಶುವೈದ್ಯರನ್ನು ಕರೆಸಿ, ಅವರ ಪ್ರಮಾಣಪತ್ರದ ಮೇಲೆ ಮ್ಯಾಜಿಸ್ಟ್ರೇಟರ ಆಜ್ಞೆ ಪಡೆದು ಅದಕ್ಕೆ ಮುಕ್ತಿ ಕೊಡಿಸಬಹುದು. ಹಾಗೆಂದು ಪರರ ಪ್ರಾಣಿಯನ್ನು ಕಂಡವರು ತಾವೇ ಕೊಲ್ಲಹೊರಟರೆ ಭಾರತೀಯ ನ್ಯಾಯ ಸಂಹಿತೆಯ ೩೨೫ನೆಯ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆಯುಂಟು. ಪ್ರಾಣಿಯನ್ನು ಹಸಿವೆಗೆ ಬಿಟ್ಟು ಹೋದವನಿಗೆ ಮಾತ್ರ ೧೯೬೦ರ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೆ ದಂಡ ೧೦ರಿಂದ ೫೦ ರೂಪಾಯಿ! ಆ ಅಂಕೆ ಇನ್ನೂ ಬದಲಾಗಿಲ್ಲ. ಸಾಳುವ ನರಸಿಂಹನು ಸತ್ತ ಕುದುರೆಯ ಬಾಲಕ್ಕೇ ಇದಕ್ಕಿಂತ ಹೆಚ್ಚು ಕೊಡುತ್ತಿದ್ದ. ದುಡಿಸುವುದಕ್ಕೂ ೧೯೬೫ರ ನಿಯಮಗಳಿವೆ: ದಿನಕ್ಕೆ ೯ ಗಂಟೆಗಿಂತ ಹೆಚ್ಚು, ಎಡೆಬಿಡದೆ ೫ ಗಂಟೆಗಿಂತ ಹೆಚ್ಚು ದುಡಿಸಬಾರದು, ಉಷ್ಣತೆ ೩೭ ಡಿಗ್ರಿ ಮೀರಿದಲ್ಲಿ ಮಧ್ಯಾಹ್ನ ೧೨ರಿಂದ ೩ರವರೆಗೆ ದುಡಿಸಲೇಬಾರದು. ನಮ್ಮ ದಿಬ್ಬಣಗಳು ಹೊರಡುವ ಹೊತ್ತನ್ನು ನೆನೆದರೆ ಈ ನಿಯಮವನ್ನು ಎಷ್ಟು ಜನ ಕೇಳಿದ್ದಾರೋ ತಿಳಿಯದು.

ಹತ್ತನೆಯ ದಿನದ ಮಧ್ಯಾಹ್ನ ವೈದ್ಯರು ಕೆಲಸ ಮಾಡಿದರು. ಮೊದಲು ಮಂಪರು ಬರಿಸುವ ಮದ್ದು. ತಲೆ ತೂಗಿದ ಮೇಲೆ ಕುತ್ತಿಗೆಯ ರಕ್ತನಾಳಕ್ಕೆ ಅರಿವಳಿಕೆಯ ಮದ್ದನ್ನೇ ಬಹುಪಾಲು ಹೆಚ್ಚಿಗೆ ಕೊಡುತ್ತಾರೆ. ಒಂದು ನಿಮಿಷದೊಳಗೆ ಪ್ರಜ್ಞೆ ಹೋಗುತ್ತದೆ, ಬಳಿಕ ಉಸಿರು, ಆಮೇಲೆ ಹೃದಯ. ನಿಂತಿರುವ ಕುದುರೆಯಾದರೆ ದಢಾರನೆ ಬೀಳುವುದರಿಂದ ದೂರ ನಿಲ್ಲಬೇಕು. ಕೊನೆಗೊಮ್ಮೆ ಕಾಲು ಅದುರಬಹುದು, ದೀರ್ಘವಾಗಿ ಉಸಿರೆಳೆದಂತಾಗಬಹುದು, ಅದು ನೋವಲ್ಲ. ವೈದ್ಯರು ಕಣ್ಣಿನ ಪಾಪೆಯನ್ನು ಮುಟ್ಟಿ, ಎದೆಗೆ ಕಿವಿಗೊಳವೆ ಹಚ್ಚಿ ನೋಡಿಯೇ ಎದ್ದರು. ಗೆಳೆಯನೊಬ್ಬ ಅದರ ಮುಖವನ್ನು ಹಿಡಿದುಕೊಂಡೇ ಇದ್ದ.

ಹೂಳುವುದು ನಮ್ಮ ಊರಿನಲ್ಲಿ ಸುಲಭವಲ್ಲ. ಆ ಮದ್ದು ಮಾಂಸದಲ್ಲಿ ಉಳಿಯುವುದರಿಂದ ನಾಯಿ, ನರಿ, ಹದ್ದುಗಳು ತಿಂದರೆ ಅವೂ ಸಾಯುತ್ತವೆ. ಆದುದರಿಂದ ಗುಂಡಿ ಆಳವಾಗಿರಬೇಕು. ಮಳೆಗಾಲದಲ್ಲಿ ನಾಲ್ಕು ಅಡಿ ಅಗೆದರೆ ನೀರು ಬರುತ್ತದೆ, ಮತ್ತು ಪ್ರತಿ ಹಿತ್ತಿಲಲ್ಲೂ ಒಂದು ಬಾವಿ. ಜಾಗ ತೋರಿಸಿದವರು ಆ ಹಿರಿಯರೇ. ಕೊಡೆ ಹಿಡಿದುಕೊಂಡು ತೋಟದ ಮೂಡಣ ಎತ್ತರಕ್ಕೆ ನಡೆದು, "ಇಲ್ಲ್ ಅಗೀರಿ. ಇಲ್ಲ್ ನೀರ್ ನಿಲ್ಲುದಿಲ್ಲ, ಬಾಮಿಗೂ ದೂರ" ಎಂದರು. ಮುಂಚಿನ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡರೆಂದು ನಾನು ಹೇಳಲಾರೆ. ಒಂದು ಬುಟ್ಟಿ ಸುಣ್ಣ ಮಾತ್ರ ಅವರ ಮನೆಯಿಂದಲೇ ಬಂದಿತು.

ಇಂತಹ ಪ್ರಾಣಿ ನಿಮ್ಮ ಕಣ್ಣಿಗೆ ಬಿದ್ದರೆ ತಾಲೂಕಿನ ಪಶು ಆಸ್ಪತ್ರೆಗೆ, ಇಲ್ಲವೆ ಸಂಚಾರಿ ಪಶು ಚಿಕಿತ್ಸಾಲಯದ ೧೯೬೨ ಎಂಬ ಉಚಿತ ದೂರವಾಣಿ ಸಂಖ್ಯೆಗೆ ತಿಳಿಸಬಹುದು. ಕರೆ ಮಾಡುವಾಗ, ಕುದುರೆ ನಿಂತಿದೆಯೋ ಮಲಗಿದೆಯೋ, ಮಲಗಿ ಎಷ್ಟು ಗಂಟೆಯಾಯಿತು, ಲದ್ದಿ ಹಾಕಿದೆಯೋ ಇಲ್ಲವೋ ಎಂಬುದನ್ನು ನೋಡಿಕೊಂಡು ಹೇಳಿ. ಅವರು ಬರುವ ತನಕ ನೀರು ಇಡಿ, ನೆರಳು ಮಾಡಿ, ಕಾಳು ಹಾಕಬೇಡಿ.